ಬದುಕಿ ಬಂದವರ ಪುಸ್ತಕ ಕೇಳಿದವರು

ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಒಂದು ತಿಂಗಳು ತಡವಾಗಿ, ಮಸ್ಕಿಯ ಬಸ್ ನಿಲ್ದಾಣದಲ್ಲಿ. ಸಿಂಧನೂರಿನ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಯಾರೋ ಹಿಂದಿನಿಂದ ಬಂದು ಕೈ ಹಿಡಿದರು. ನೋಡಿದರೆ ರೇಣುಕಾ. ಸಿಂಧನೂರಿನ ಗ್ರಂಥಾಲಯದಲ್ಲಿ ನಾನಿದ್ದಾಗ ಅಲ್ಲೇ ಕೂತು ಪರೀಕ್ಷೆಗಳಿಗೆ ಓದುತ್ತಿದ್ದ ಹುಡುಗಿ. ಈಗ ಅವಳಿಗೆ ಸರ್ಕಾರಿ ನೌಕರಿ ಸಿಕ್ಕಿದೆ, ಕೊರಳಲ್ಲಿ ಗುರುತಿನ ಚೀಟಿ ಇತ್ತು. ಅದೂ ಇದೂ ಮಾತಾಡಿದ ಮೇಲೆ ಅವಳು, "ಓದೋ ಕಾಕಾ ಹೋಗಿಬಿಟ್ರಂತಲ್ರಿ ಮೇಡಂ. ನಿಮಗ ಗೊತ್ತಿರಬೇಕು, ನೀವು ಅಲ್ಲೇ ಸಮೀಪ ಇದ್ದೀರಿ" ಅಂದಳು.

ನನಗೆ ಗೊತ್ತಿರಲಿಲ್ಲ. ಅವರು ಕೊನೆಗೆ ಇದ್ದದ್ದು ಗುರುಗುಂಟಾದಲ್ಲಿ, ತಂಗಿಯ ಮನೆಯಲ್ಲಿ. ನಾನು ಲಿಂಗಸುಗೂರಿಗೆ ವರ್ಗವಾಗಿ ಬಂದು ಎರಡು ವರ್ಷವಾಗಿದೆ. ಗುರುಗುಂಟಾಕ್ಕೆ ಹೋಗುವ ಬಸ್ಸು ನನ್ನ ಕಚೇರಿಯ ಮುಂದೆಯೇ ಹಾದುಹೋಗುತ್ತದೆ. ಅವರು ಅಲ್ಲಿದ್ದಾರೆಂದು ನಾನು ಕೇಳಿಯೂ ಇದ್ದೆ. ಹೋಗಿರಲಿಲ್ಲ, ಅಷ್ಟೇ.

ಸಿಂಧನೂರಿನ ಬಸ್ಸು ಬಂತು. ನಾನು ಹತ್ತಲಿಲ್ಲ.

ಅವರು ಮೊದಲ ಸಲ ನಮ್ಮ ಗ್ರಂಥಾಲಯಕ್ಕೆ ಬಂದದ್ದು ನಾನು ಸಿಂಧನೂರಿಗೆ ಹೊಸದಾಗಿ ಬಂದ ಬೇಸಿಗೆಯಲ್ಲಿ. ನಮ್ಮಲ್ಲಿ ಬೆಳಿಗ್ಗೆ ಪತ್ರಿಕೆ ಓದುವ ಹಿರಿಯರು ಬರುತ್ತಿದ್ದರು, ಹತ್ತು ಗಂಟೆಯಾದರೆ ನೌಕರಿಯ ಪರೀಕ್ಷೆಗೆ ಓದುವವರು. ಓದುವವರು ತಮ್ಮ ಪುಸ್ತಕ ತಾವೇ ತರುತ್ತಿದ್ದರು. ಅವರಿಗೆ ನಮ್ಮಿಂದ ಬೇಕಾದದ್ದು ಕುರ್ಚಿ ಮತ್ತು ಫ್ಯಾನು. ಕಪಾಟಿನ ಪುಸ್ತಕ ಕೇಳುವವರು ವಾರಕ್ಕೊಬ್ಬರು ಬಂದರೆ ಹೆಚ್ಚು. ಅಂಥದರಲ್ಲಿ ಒಂದು ಮಧ್ಯಾಹ್ನ ಖಾಕಿ ಅಂಗಿಯ ಎತ್ತರದ ಮನುಷ್ಯರೊಬ್ಬರು ಹೊರಗಿನ ನಲ್ಲಿಯಲ್ಲಿ ಕೈಕಾಲು ತೊಳೆದು, ಟವೆಲಿನಿಂದ ಒರೆಸಿಕೊಂಡು, ಯಾರೂ ಹೇಳದಿದ್ದರೂ ಚಪ್ಪಲಿ ಹೊರಗೆ ಬಿಟ್ಟು, ನನ್ನ ಮೇಜಿನ ಮುಂದೆ ಬಂದು ನಿಂತರು. ಐವತ್ತು ದಾಟಿರಬೇಕು. ಅಂಗಿಯ ಕೊರಳಿನ ಗುಂಡಿಯವರೆಗೆ ಎಲ್ಲ ಗುಂಡಿ ಹಾಕಿದ್ದರು. ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ.

"ಅಕ್ಕೋರ, ಇಲ್ಲಿ ಬದುಕಿ ಬಂದವರ ಪುಸ್ತಕ ಅದಾವಂತಲ್ರಿ?"

ನಮ್ಮ ಜವಾನ ಚಹಾದಂಗಡಿಯಲ್ಲಿ ಯಾರಿಗೋ ಹೇಳುವುದನ್ನು ಕೇಳಿಸಿಕೊಂಡು ಬಂದಿದ್ದರು. ನನಗೆ ಬಹಳ ಹಿಗ್ಗಾಯಿತು. ಆ ವರ್ಷ ಹೊಸ ಪುಸ್ತಕ ಆರಿಸುವ ಅವಕಾಶ ನನಗೆ ಸಿಕ್ಕಿತ್ತು. ನಾನು ಒಂದು ಕಪಾಟನ್ನು ಪೂರ್ತಿ ಅಂಥವೇ ಪುಸ್ತಕಗಳಿಂದ ತುಂಬಿದ್ದೆ: ಹಿಮದಲ್ಲಿ ಸಿಕ್ಕಿ ಬದುಕಿದವರು, ಸಮುದ್ರದಲ್ಲಿ ದಿನಗಟ್ಟಲೆ ತೇಲಿದವರು, ದೊಡ್ಡ ಬೇನೆ ಗೆದ್ದವರು, ಕುಡಿತ ಬಿಟ್ಟವರು, ಜೈಲಿನಿಂದ ಹೊರಬಂದು ಹೊಸ ಬಾಳು ಕಟ್ಟಿಕೊಂಡವರು ಬರೆದ ಪುಸ್ತಕಗಳು. ಈಚೆಗೆ ಕನ್ನಡದಲ್ಲಿ ಇಂಥವು ಬಹಳ ಬರುತ್ತಿವೆ. ಅವುಗಳ ಜೊತೆಗೆ ನಿಮ್ಮನ್ನು ನೀವು ಬದಲಿಸಿಕೊಳ್ಳುವುದು ಹೇಗೆ, ದಾರಿ ತಪ್ಪಿದಾಗ ದಾರಿ ಕಂಡುಕೊಳ್ಳುವುದು ಹೇಗೆ ಎಂದು ತಿಳಿಹೇಳುವವು ಇನ್ನೊಂದು ಸಾಲು.

ಇದಕ್ಕೆ ನನ್ನದೇ ಕಾರಣವೂ ಇತ್ತು. ಮದುವೆ ಮುರಿದು ತವರಿಗೆ ಬಂದ ವರ್ಷ ನಾನು ನಾಲ್ಕು ತಿಂಗಳು ಮನೆಯಿಂದ ಹೊರಗೆ ಕಾಲಿಡಲಿಲ್ಲ. ಆಗ ಗೆಳತಿಯೊಬ್ಬಳು ತಂದುಕೊಟ್ಟ ಇಂಥದೇ ಒಂದು ಪುಸ್ತಕ ನನ್ನನ್ನು ಎಬ್ಬಿಸಿ ಕೂರಿಸಿತು. ಅಂದಿನಿಂದ ನನಗೊಂದು ನಂಬಿಕೆ: ಯಾವ ಸಂಕಟವನ್ನಾದರೂ ಹೇಳಿಕೊಂಡರೆ ಅದು ಇನ್ನೊಬ್ಬರಿಗೆ ಊರುಗೋಲಾಗುತ್ತದೆ. ಈಗ ಆ ನಂಬಿಕೆ ಹೋಗಿದೆ ಎಂದು ಹೇಳಲಾರೆ. ಆದರೆ ಅದನ್ನು ಹಿಡಿದುಕೊಂಡು ಇನ್ನೊಬ್ಬರ ಬಾಗಿಲು ಬಡಿಯುವ ಧೈರ್ಯ ಉಳಿದಿಲ್ಲ.

ಅವರು ಒಂದು ಅಕ್ಕಿ ಗಿರಣಿಯಲ್ಲಿ ಕಾವಲಿಗೆ ಇದ್ದರು. ಹೆಂಡತಿ ಎಂದೋ ಕಾಯಿಲೆಯಿಂದ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ, ಗಿರಣಿಯ ಹಿಂದಿನ ಒಂದು ಖೋಲಿಯಲ್ಲೇ ವಾಸ. ಮಧ್ಯಾಹ್ನ ಬಿಡುವು ಮಾಡಿಕೊಂಡು ಬರುತ್ತಿದ್ದರು. ಅಷ್ಟು ದೂರ ನಡೆದೇ ಬರುತ್ತಿದ್ದರು, ನಡೆದೇ ಹೋಗುತ್ತಿದ್ದರು. ಆ ದಾರಿಯಲ್ಲಿ ನಿಮಿಷಕ್ಕೊಂದು ಟಂಟಂ ಆಟೋ ಓಡಾಡುತ್ತದೆ. ಬಿಸಿಲಲ್ಲಿ ಯಾಕೆ ನಡೀತೀರಿ ಎಂದು ನಾನೊಮ್ಮೆ ಕೇಳಿದ್ದಕ್ಕೆ, ನಡೆದರೆ ಮೈಗೆ ಒಳ್ಳೆಯದು ಎಂದು ನಿಮ್ಮ ಪುಸ್ತಕದಲ್ಲೇ ಬರೆದಿದೆಯಲ್ಲ ಎಂದು ನಕ್ಕಿದ್ದರು.

ಪುಸ್ತಕ ಕೈಗೆ ಬಂದ ಕೂಡಲೇ ಅವರು ತೆರೆಯುತ್ತಿದ್ದದ್ದು ಕೊನೆಯ ಪುಟಗಳನ್ನು. ಅಲ್ಲೇ ನಿಂತು ಎರಡು ಪುಟ ಓದಿ, ಆಮೇಲೆ ಮೊದಲಿಗೆ ಹೋಗುತ್ತಿದ್ದರು. ನಾನು ಛೇಡಿಸಿದೆ. ಪುಸ್ತಕ ಬರೆದಿದ್ದಾನೆ ಅಂದಮೇಲೆ ಬದುಕಿದ್ದಾನೆ ಅಂತಲೇ ಅಲ್ಲವೇ, ಅದನ್ನೇನು ನೋಡುವುದು ಅಂದೆ. ಅವರು ಪುಟದ ನಡುವೆ ಬೆರಳಿಟ್ಟುಕೊಂಡೇ ಹೇಳಿದರು.

"ಬರದಂವ ಬದುಕ್ಯಾನ್ರಿ. ಅವನ ಸಂಗಾಟ ಹೋದವ್ರು ಏನಾದ್ರು ಅಂತ ನೋಡಾಕತ್ತೀನಿ."

ನಾನದನ್ನು ಒಳ್ಳೆಯ ಮಾತು ಎಂದುಕೊಂಡೆ. ಎಷ್ಟು ಒಳ್ಳೆಯದೆನಿಸಿತೆಂದರೆ ಅದನ್ನು ನನ್ನ ದಿನಚರಿಯಲ್ಲಿ ಬರೆದಿಟ್ಟುಕೊಂಡೆ. ಅದು ಯಾಕೆ ಅವರಿಗೆ ಬೇಕಾಗಿತ್ತು ಎಂದು ಮಾತ್ರ ಕೇಳಲಿಲ್ಲ.

ಅವರು ಹಿಂತಿರುಗಿಸುವ ಪುಸ್ತಕಗಳಲ್ಲಿ ಒಂದೊಂದು ಚೀಟಿ ಇರುತ್ತಿತ್ತು. ಗಿರಣಿಯಲ್ಲಿ ಲಾರಿಗೆ ಮೂಟೆ ಏರಿಸುವಾಗ ಬರೆಯುವ ಚೀಟಿಯ ಹಿಂಬದಿಯಲ್ಲಿ, ದುಂಡು ಅಕ್ಷರದಲ್ಲಿ, ಒಂದೋ ಎರಡೋ ಸಾಲು. "ಇವನು ಮನೆಗೆ ಬಂದ ಮೇಲೆ ಊಟಕ್ಕೆ ಕುಂತಾಗ ಏನನಿಸಿತು ಬರೆದಿಲ್ಲ." "ಈಕೆ ಬಹಳ ಗಟ್ಟಿ. ಆದರೆ ನೋಡಿಕೊಂಡ ತಂಗಿಯ ಹೆಸರು ಒಂದೇ ಕಡೆ ಬಂದಿದೆ." ಹಿಮದಲ್ಲಿ ಸಿಕ್ಕಿದವನ ಪುಸ್ತಕದಲ್ಲಿ ಇದ್ದದ್ದು, "ಎಲ್ಲಾ ಪುಸ್ತಕ ಆಸ್ಪತ್ರೆ ಬಾಗಿಲಲ್ಲಿ ಮುಗಿಯುತ್ತವೆ."

ಉಪದೇಶದ ಪುಸ್ತಕಗಳನ್ನೂ ಅವರು ಬಿಡದೆ ಓದಿದರು. ಅವುಗಳ ಬಗ್ಗೆ ಮಾತ್ರ ಸ್ವಲ್ಪ ತಮಾಷೆ. ನಸುಕಿನಲ್ಲಿ ಐದು ಗಂಟೆಗೆ ಎದ್ದರೆ ಬಾಳು ಬದಲಾಗುತ್ತದೆ ಎಂಬ ಪುಸ್ತಕ ತಂದಿಟ್ಟು, "ನಾ ಮೂರಕ್ಕ ಏಳ್ತೀನ್ರಿ ಅಕ್ಕೋರ. ಇನ್ನ ಎಷ್ಟ ಮೊದಲ ಏಳಬೇಕು?" ಅಂದಿದ್ದರು. ಇನ್ನೊಂದರಲ್ಲಿ, ಹಳೆಯ ಭಾರವನ್ನು ಅಲ್ಲೇ ಇಳಿಸಿ ಮುಂದೆ ನಡೆಯಿರಿ ಎಂದಿತ್ತಂತೆ. ಹಾಗೆ ಇಳಿಸಿ ಹೋದರೆ ಹಿಂದೆ ಬರುವವರು ಅದನ್ನು ಎಡವುವುದಿಲ್ಲವೇ ಎಂದು ನನ್ನನ್ನು ಕೇಳಿದ್ದರು. ಮತ್ತೊಂದು ದಿನ, ಮನುಷ್ಯ ಬದಲಾಗುತ್ತಾನೆ ಎಂಬುದನ್ನು ತಾನು ಒಪ್ಪುತ್ತೇನೆ, ಆದರೆ ಅವನು ಬದಲಾದದ್ದು ಯಾರಿಗೆ ಗೊತ್ತಾಗಬೇಕು ಎಂಬುದನ್ನು ಯಾವ ಪುಸ್ತಕವೂ ಹೇಳುತ್ತಿಲ್ಲ ಎಂದರು. ನಾನು ಮೆಚ್ಚಿ ತಲೆಯಾಡಿಸಿದೆ.

ಓದುವ ಹುಡುಗ ಹುಡುಗಿಯರಿಗೆಲ್ಲ ಅವರು 'ಓದೋ ಕಾಕಾ' ಆದರು. ರೇಣುಕಾ ಮೂರನೆಯ ಸಲ ಪರೀಕ್ಷೆಯಲ್ಲಿ ಫೇಲಾದ ದಿನ ಗೋಡೆಗೆ ಮುಖ ಮಾಡಿ ಅಳುತ್ತ ಕೂತಿದ್ದಳು. ನಾನು ಕಪಾಟಿನಿಂದ ಸೋಲನ್ನು ಎದುರಿಸುವ ಬಗೆಯ ಪುಸ್ತಕವೊಂದನ್ನು ತೆಗೆದು ಅವಳ ಕಡೆ ಹೊರಟಿದ್ದೆ. ಅವರು ಕಣ್ಣಿನಲ್ಲೇ ಬೇಡ ಎಂದರು. ಹೊರಗೆ ಹೋಗಿ ಕಾಗದದಲ್ಲಿ ಒಗ್ಗರಣೆ ಮಂಡಾಳು, ಎರಡು ಮಿರ್ಚಿ ಬಜ್ಜಿ ಕಟ್ಟಿಸಿಕೊಂಡು ಬಂದು ಅವಳ ಮುಂದಿಟ್ಟರು. "ಇವತ್ತ ಓದಬ್ಯಾಡವ್ವ. ತಿಂದು ಮನಿಗೆ ಹೋಗಿ ಮಕ್ಕೋ. ಗಟ್ಟಿ ಆಗೂದು ನಾಳೆ ಆದ್ರ ನಡೀತೈತಿ." ರೇಣುಕಾ ಮಸ್ಕಿಯಲ್ಲಿ ನನಗೆ ಈ ಮಾತನ್ನು ಮತ್ತೆ ಹೇಳಿದಳು. ಅವಳಿಗೆ ನನ್ನ ಪುಸ್ತಕ ಯಾವುದೆಂದು ನೆನಪಿರಲಿಲ್ಲ. ಮಿರ್ಚಿ ನೆನಪಿತ್ತು.

ಕಾಲುವೆಯ ಸುದ್ದಿ ಬಂದದ್ದು ಮಳೆಗಾಲ ಹಿಡಿದ ಮೇಲೆ. ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ ಎಂದು ಯಾರೋ ಪತ್ರಿಕೆ ನೋಡಿ ಜೋರಾಗಿ ಹೇಳಿದರು. ಹಿರಿಯರೆಲ್ಲ ಈ ಸಲದ ಭತ್ತದ ಮಾತಿಗೆ ಇಳಿದರು. ಅವರು ಪುಸ್ತಕ ಮುಚ್ಚಿ ನನ್ನ ಮೇಜಿನ ಬಳಿ ಬಂದು ನಿಂತರು. ತಾನೂ ಒಮ್ಮೆ ಆ ನೀರಿನಲ್ಲಿ ಬಿದ್ದವನು ಎಂದರು. ತುರ್ವಿಹಾಳದ ಕಡೆ, ನಾಟಿ ಹಚ್ಚಲು ಹೊರಟ ಹೆಣ್ಣುಮಕ್ಕಳ ಟಂಟಂ ಕಾಲುವೆಗೆ ಉರುಳಿತ್ತು. ಬಳಗಾನೂರಿನ ನಾಲ್ವರು ನೀರುಪಾಲಾದರು. ಬೆರಳು ಹೀಗಾದದ್ದು ಆಗಲೇ.

"ನಾ ಈಜಿ ಬಂದೆ" ಅಂದರು, ಅಷ್ಟೇ.

ನನ್ನ ಮೈ ಜುಮ್ಮೆಂದಿತು. ಸಂಕಟದಿಂದ ಎಂದು ಬರೆದರೆ ಸುಳ್ಳಾಗುತ್ತದೆ. ನಾನು ದೂರದೂರಿನಿಂದ ಪುಸ್ತಕ ತರಿಸಿ ಕಪಾಟು ತುಂಬಿಸಿದ್ದೆ, ಇಲ್ಲಿ ನೋಡಿದರೆ ಬದುಕಿ ಬಂದ ಮನುಷ್ಯನೇ ದಿನವೂ ಬಂದು ನನ್ನ ಕಿಟಕಿಯ ಕೆಳಗೆ ಕೂರುತ್ತಿದ್ದ. ಇದನ್ನು ಜನರ ಮುಂದೆ ಹೇಳಬೇಕು ಕಾಕಾ, ಬರೆಯಬೇಕು ಎಂದು ನಾನು ಒಂದೇ ಉಸಿರಿಗೆ ಹೇಳಿದೆ. ಅವರು ಬೇಡ ಎಂದರು.

ಅದಾದ ವಾರದಲ್ಲೇ ಇರಬೇಕು, ನಾನು ರಿಜಿಸ್ಟರಿನಲ್ಲಿ ಹೊಸ ಪುಸ್ತಕದ ನಮೂದು ಮಾಡುತ್ತ ತಲೆ ತಗ್ಗಿಸಿ ಕೂತಿದ್ದೆ. ಅವರು ಕೇಳಿದರು:

"ಅಕ್ಕೋರ, ತಪ್ಪು ತನ್ನದ ಇದ್ದು, ತಾನ ಉಳದಂವ ಬರದದ್ದು ಯಾವುದರ ಪುಸ್ತಕ ಐತೇನ್ರಿ?"

ನಾನು ತಲೆ ಎತ್ತಲಿಲ್ಲ. "ಅಂಥದ್ದು ಯಾರ ಬರೀತಾರ್ರಿ ಕಾಕಾ, ಬರದ್ರ ಯಾರ ಓದ್ತಾರ" ಅಂದೆ. ಅವರು ಹೌದು ಅನ್ನುವ ಹಾಗೆ ಒಂದು ಸದ್ದು ಮಾಡಿ ಹೋದರು. ನಾನು ನಮೂದು ಮುಂದುವರಿಸಿದೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ಎಷ್ಟೋ ಓದುಗರಿಗೆ ಬೇಕಾದ ಪುಸ್ತಕ ಇಲ್ಲ ಎಂದು ಹೇಳಿದ್ದೇನೆ. ಅಷ್ಟು ಸಲೀಸಾಗಿ, ಅಷ್ಟು ಕೆಟ್ಟದಾಗಿ ಇನ್ಯಾರಿಗೂ ಹೇಳಿಲ್ಲ.

ಆ ಚಳಿಗಾಲದಲ್ಲಿ ಗ್ರಂಥಾಲಯದಲ್ಲಿ ಒಂದು ಸಣ್ಣ ಕಾರ್ಯಕ್ರಮ ಮಾಡಿದೆವು. ಓದಿನಿಂದ ಬದುಕು ಕಟ್ಟಿಕೊಂಡವರು ಬಂದು ಮಾತಾಡುವುದು. ನಾನು ಅವರನ್ನು ಮೂರು ಸಲ ಕೇಳಿದೆ, ಮೂರು ಸಲವೂ ಬೇಡವೆಂದರು. ಮೂರನೆಯ ಸಲ ಕೈ ಮುಗಿದರು. ಅದು ನನಗೆ ಸಂಕೋಚದಂತೆ ಕಂಡಿತು. ಒಳ್ಳೆಯ ಜನ ಮೊದಲು ಬೇಡವೆನ್ನುತ್ತಾರೆ, ಸ್ವಲ್ಪ ಒತ್ತಾಯ ಮಾಡಬೇಕು ಎಂದುಕೊಂಡು ಕರಪತ್ರದಲ್ಲಿ ಅವರ ಹೆಸರು ಹಾಕಿಸಿದೆ. ಹೆಸರಿನ ಕೆಳಗೆ, "ಕಾಲುವೆಯ ಮಡಿಲಲ್ಲಿ ಸಾವನ್ನು ಗೆದ್ದು ಬಂದ ಓದುಗ" ಎಂದು ಬರೆಸಿದ್ದೂ ನಾನೇ. ಕರಪತ್ರಗಳು ಸುತ್ತಲಿನ ಹಳ್ಳಿಗಳಿಗೆಲ್ಲ ಹೋದವು.

ಅವರು ಅದನ್ನು ಹಿಡಿದುಕೊಂಡು ಬಂದರು. ಸಿಟ್ಟಿರಲಿಲ್ಲ. ಗೆದ್ದು ಅಂತ ಬರೆದಿದ್ದೀರಲ್ಲ ಎಂದರು. ನಾನು ಏನೋ ಸಮಜಾಯಿಷಿ ಹೇಳಿದೆ. ಅವರು ಕರಪತ್ರವನ್ನು ಮಡಚಿ ಜೇಬಿಗಿಟ್ಟುಕೊಂಡರು. ಆಮೇಲೆ, "ಮಾತಾಡಿದ್ರ ಖರೇನ ಹೇಳ್ಲೇನ್ರಿ?" ಎಂದು ಕೇಳಿದರು.

"ಖರೇ ಹೇಳ್ರಿ ಅಂತನ ಕರದೀವಲ್ರಿ ಕಾಕಾ" ಅಂದೆ. ನಗುತ್ತಲೇ ಅಂದೆ.

ಅಂದು ಸಭೆಯಲ್ಲಿ ಎಪ್ಪತ್ತು ಎಂಬತ್ತು ಜನ ಇದ್ದರು. ಅವರು ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಮೈಕು ಹಿಡಿಯಲಿಲ್ಲ, ಕೈ ಕಟ್ಟಿಕೊಂಡು ನಿಂತರು. ಬದುಕಿ ಬಂದವನು ಎಂದು ಕರಪತ್ರದಲ್ಲಿ ಬರೆದಿದ್ದಾರೆ, ಅದು ಸುಳ್ಳಲ್ಲ ಎಂದು ಶುರುಮಾಡಿದರು.

"ಆದ್ರ ಆ ಟಂಟಂ ಹೊಡಿಯಾಕತ್ತಿದ್ದಂವ ನಾನ."

ಆಮೇಲೆ ಒಂದೊಂದಾಗಿ ಹೇಳಿದರು. ಅಂದು ಬೆಳಿಗ್ಗೆ ಎರಡು ಬಾರಿ ಹೆಣ್ಣಾಳುಗಳನ್ನು ಹೊಲಕ್ಕೆ ಮುಟ್ಟಿಸಲು ಒಪ್ಪಿಕೊಂಡಿದ್ದರು. ಇನ್ನೊಂದು ಗುಂಪು ಕಾಯುತ್ತಿತ್ತು, ಅವಸರವಿತ್ತು. ಕಾಲುವೆಯ ಏರಿಯ ಮೇಲಿನ ದಾರಿ ಮಳೆಗೆ ಜಾರುತ್ತಿತ್ತು. ಪೊಲೀಸರ ಮುಂದೆ, ಆಮೇಲೆ ಕೋರ್ಟಿನಲ್ಲಿ, ಬ್ರೇಕು ಹಿಡಿಯಲಿಲ್ಲ ಎಂದು ಹೇಳಿದರು. ನೀರಿನಿಂದ ಎತ್ತುವಷ್ಟರಲ್ಲಿ ಗಾಡಿ ನುಜ್ಜಾಗಿತ್ತು, ಅಲ್ಲ ಎಂದು ಹೇಳುವವರು ಯಾರೂ ಉಳಿದಿರಲಿಲ್ಲ. ಬಿಡುಗಡೆಯಾಯಿತು. ಬ್ರೇಕು ಸರಿಯಾಗಿಯೇ ಇತ್ತು, ಓಡಿಸಿದ್ದು ತಪ್ಪು ಎಂದರು. ಒಂಬತ್ತು ವರ್ಷದಿಂದ ಇದನ್ನು ಯಾರಿಗೂ ಹೇಳಿಲ್ಲ, ಹೇಗೆ ಹೇಳಬೇಕು ಎಂದು ತಿಳಿಯಲು ಇಲ್ಲಿನ ಪುಸ್ತಕ ಓದುತ್ತಿದ್ದೆ ಎಂದರು.

ಎರಡನೆಯ ಸಾಲಿನಲ್ಲಿ ಒಬ್ಬ ಮುದುಕಿ ಎದ್ದು ನಿಂತಳು. ಬಳಗಾನೂರಿನ ಅಮರಮ್ಮ ಅವಳ ಹೆಸರು ಎಂದು ನನಗೆ ಆಮೇಲೆ ತಿಳಿಯಿತು. ಅವಳ ಮಗಳು ಆ ನಾಲ್ವರಲ್ಲಿ ಒಬ್ಬಳು. ಕರಪತ್ರದಲ್ಲಿ ಅವರ ಹೆಸರನ್ನು ಯಾರೋ ಓದಿ ಹೇಳಿದ್ದರು. ಮಗಳು ಕೂತ ಗಾಡಿ ಓಡಿಸಿದವನು ಸಾವನ್ನು ಗೆದ್ದು ಏನು ಮಾತಾಡುತ್ತಾನೆ, ಕೇಳಬೇಕು ಎಂದು ಬಸ್ಸು ಹತ್ತಿ ಬಂದಿದ್ದಳು. ಅವಳು ಬೈಯಲಿಲ್ಲ. ಅವಳ ಧ್ವನಿ ಬಹಳ ಸಣ್ಣದಿತ್ತು.

"ನನ್ ಮಗಳು ನಿನ್ನ ಮಗ್ಗಲಾಗ ಕುಂತಿದ್ಲಂತ. ಏನರ ಅಂದ್ಲೇನು?"

ಏನೂ ಅನ್ನಲಿಲ್ಲ ಎಂದಿದ್ದರೆ ಆಗಿಹೋಗುತ್ತಿತ್ತು. ನಾನಾಗಿದ್ದರೆ ಹಾಗೇ ಹೇಳುತ್ತಿದ್ದೆ. ಅವರು ಕಟ್ಟಿದ ಕೈ ಬಿಟ್ಟರು.

"ಅಂದ್ಲವ್ವ. ಸಾವಕಾಶ ಹೊಡಿ ಅಣ್ಣಾ, ಹೊತ್ತಾದ್ರ ಆಗಲಿ ಅಂದ್ಲು. ಎರಡ ಸರ್ತಿ ಅಂದ್ಲು. ನಾ ಕೇಳಲಿಲ್ಲ."

ಅಮರಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ಇಷ್ಟು ಮಾತ ಹೇಳಾಕ ಒಂಬತ್ತು ವರ್ಷ ಬೇಕಾತೇನಪಾ ನಿನಗ" ಅಂದಳು. ಅಂದು, ಜೊತೆಗೆ ಬಂದಿದ್ದವನ ಹೆಗಲು ಹಿಡಿದುಕೊಂಡು ನಿಧಾನವಾಗಿ ಹೊರಗೆ ನಡೆದಳು.

ಅವಳು ಬಾಗಿಲು ದಾಟುವವರೆಗೂ ಅವರು ನಿಂತೇ ಇದ್ದರು. ಆಮೇಲೆ ನನ್ನ ಕಡೆ ತಿರುಗಿ ಹೋಗಿ ಬರುತ್ತೇನೆ ಎಂದು ಹೇಳಿ ಹೊರಟರು. ನಾನು ಮುಂದಿನ ಭಾಷಣಕಾರರ ಹೆಸರು ಕರೆದೆ. ಏನೂ ಆಗಿಲ್ಲವೇನೋ ಎಂಬಂತೆ ಕರೆದೆ.

ಅವರ ಮಾತನ್ನು ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಮರುದಿನದ ಹೊತ್ತಿಗೆ ಅದು ಊರೆಲ್ಲ ಹರಿದಾಡಿತು. ಪೊಲೀಸರು ಒಮ್ಮೆ ಕರೆಸಿ, ಮುಗಿದ ಪ್ರಕರಣ ಎಂದು ಕಳಿಸಿದರಂತೆ. ಗಿರಣಿಯಲ್ಲಿ ಇನ್ನು ಬರಬೇಡ ಎಂದರು. ಅವರ ಪಾಲಿಗೆ ಇಷ್ಟಾದರೆ, ನನ್ನ ಪಾಲಿಗೆ ಮೇಲಿನ ಕಚೇರಿಯಿಂದ ಒಂದು ಪತ್ರ ಬಂತು. ಇಂಥ ವ್ಯಕ್ತಿಯನ್ನು ಸರ್ಕಾರಿ ವೇದಿಕೆಗೆ ಕರೆದದ್ದು ಯಾಕೆ, ವಿವರಣೆ ಕೊಡಿ ಎಂದು.

ನನಗೆ ಭಯವಾಯಿತು. ಒಬ್ಬಂಟಿ ಹೆಂಗಸು, ಈ ನೌಕರಿಯೊಂದೇ ನನಗೆ ನೆಲೆ. ಎರಡು ದಿನ ಯೋಚಿಸಿ ಉತ್ತರ ಬರೆದೆ. ಅದರ ಒಂದು ಸಾಲು ಇಂದಿಗೂ ನನಗೆ ಬಾಯಿಪಾಠ: "ಸದರಿ ವ್ಯಕ್ತಿಯು ತನ್ನ ಹಿನ್ನೆಲೆಯನ್ನು ಮರೆಮಾಚಿ, ತಾನಾಗಿಯೇ ಮಾತನಾಡಲು ಅವಕಾಶ ಕೋರಿದ್ದು, ಈ ಬಗ್ಗೆ ನಮಗೆ ಯಾವುದೇ ಮಾಹಿತಿ ಇರುವುದಿಲ್ಲ." ಕೈ ಮುಗಿದು ಬೇಡ ಎಂದವರ ಬಗ್ಗೆ ಹಾಗೆ ಬರೆದು, ಸಹಿ ಮಾಡಿ, ಮೊಹರು ಒತ್ತಿ, ಜವಾನನ ಕೈಯಲ್ಲಿ ಕೊಟ್ಟು ಕಳಿಸಿದೆ. ವಿವರಣೆ ಒಪ್ಪಿಗೆಯಾಯಿತು.

ಅದಾಗಿ ಕೆಲವು ದಿನಕ್ಕೆ ಅವರು ಒಮ್ಮೆ ಬಂದರು. ತಮ್ಮ ಬಳಿ ಉಳಿದಿದ್ದ ಎರಡು ಪುಸ್ತಕ ಕೊಟ್ಟುಹೋಗಲು. ಕಿಟಕಿಯಿಂದ ನೋಡಿದೆ. ನಲ್ಲಿಯ ಹತ್ತಿರ ಕೈಕಾಲು ತೊಳೆಯುತ್ತಿದ್ದರು. ನಾನು ಒಳಗಿನ ಹಳೆ ಪುಸ್ತಕಗಳ ಕೋಣೆಗೆ ಹೋಗಿ, ಮೇಡಂ ಇಲ್ಲ ಎಂದು ಹೇಳು ಎಂದು ಜವಾನನಿಗೆ ಹೇಳಿದೆ. ಅವರು ಕಾಯುತ್ತೇನೆ ಎಂದು ಕೂತರು. ಅರ್ಧ ಗಂಟೆ ಕೂತರು. ಧೂಳಿಗೆ ನನಗೆ ಕೆಮ್ಮು ಬಂತು, ಸೆರಗು ಬಾಯಿಗಿಟ್ಟುಕೊಂಡು ತಡೆದೆ. ಆದರೂ ಅವರಿಗೆ ಕೇಳಿಸಿರಬೇಕು ಎಂದು ನನಗೆ ಅನುಮಾನ. ಯಾಕೆಂದರೆ ಅದಾದ ಸ್ವಲ್ಪ ಹೊತ್ತಿಗೇ ಎದ್ದು, ಪುಸ್ತಕಗಳನ್ನು ಮೇಜಿನ ಮೇಲಿಟ್ಟು ಹೊರಟುಹೋದರು. ಆ ಎರಡು ಪುಸ್ತಕಗಳಲ್ಲಿ ಯಾವ ಚೀಟಿಯೂ ಇರಲಿಲ್ಲ.

ನಂತರ ನಾನವರನ್ನು ನೋಡಲಿಲ್ಲ. ಊರು ಬಿಟ್ಟು ಗುರುಗುಂಟಾದಲ್ಲಿ ತಂಗಿಯ ಮನೆ ಸೇರಿದ್ದಾರೆ ಎಂದು ಜವಾನ ಹೇಳಿದ. ಮುಂದೆ ನನಗೂ ಲಿಂಗಸುಗೂರಿಗೆ ವರ್ಗವಾಯಿತು. ಹೋಗಬೇಕು ಅನಿಸುತ್ತಿತ್ತು. ಈ ಭಾನುವಾರ, ಮುಂದಿನ ಭಾನುವಾರ ಎನ್ನುತ್ತ ಎರಡು ವರ್ಷ ಕಳೆದವು.

ಮಸ್ಕಿಯಿಂದ ಹಿಂದಿರುಗಿದ ಮರುದಿನ ಗುರುಗುಂಟಾಕ್ಕೆ ಹೋದೆ. ಅವರ ತಂಗಿ ಹುಲಿಗೆಮ್ಮ ಅಂಗಳದಲ್ಲಿ ಆಡಿನ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಯಾರೆಂದು ಹೇಳಿದಾಗ ಕೈ ಒರೆಸಿಕೊಂಡು ಚಾಪೆ ಹಾಸಿದಳು, ನೀರು ಕೊಟ್ಟಳು. ಅಣ್ಣ ಇಲ್ಲಿಗೆ ಬಂದ ಮೇಲೆ ತನ್ನ ಆಡು ಮೇಯಿಸಿಕೊಂಡು ಇದ್ದ, ಕಿಡ್ನಿಯ ಬೇನೆ ಶುರುವಾಗಿ ಆರು ತಿಂಗಳಲ್ಲಿ ಹೋದ ಎಂದಳು.

ಓದುತ್ತಿದ್ದರೇ ಎಂದು ಕೇಳಿದೆ. ಇಲ್ಲವಂತೆ. ಇಷ್ಟು ಓದುವವನು ಯಾಕೆ ಬಿಟ್ಟೆ ಎಂದು ಅವಳು ಕೇಳಿದರೆ, ಓದುವುದು ಮುಗಿಯಿತು, ಇನ್ನು ಹೋಗುವುದು ಉಳಿದಿದೆ ಎಂದಿದ್ದರಂತೆ. ಬಳಗಾನೂರಿಗೆ ಹೋದರು. ನಾಲ್ಕು ಮನೆಗೂ ಹೋದರು. ಒಂದು ಮನೆಯವರು ಕಲ್ಲು ಎತ್ತಿಕೊಂಡರು. ಎರಡು ಮನೆಯವರು ಬಾಗಿಲು ಹಾಕಿಕೊಂಡರು. ಅಮರಮ್ಮ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಅವಳ ಮನೆಯ ಕಟ್ಟೆಯ ಮೇಲೆ ಸಂಜೆಯವರೆಗೆ ಕೂತು ಬಂದರು. ಎರಡನೆಯ ಸಲ ಹೋದಾಗ ಒಂದು ತಂಬಿಗೆ ನೀರು ತಂದಿಟ್ಟಳಂತೆ. ಮೂರನೆಯ ಸಲ ಹೋಗುವಷ್ಟು ಶಕ್ತಿ ಇರಲಿಲ್ಲ.

"ಮಣ್ಣಿಗೆ ಬಂದಿದ್ಲ್ರೀ ಆಕಿ. ಯಾರ ಹೇಳಿಕಳಿಸಿದ್ರೋ ಗೊತ್ತಿಲ್ಲ. ಅಳಲಿಲ್ಲ, ಏನಿಲ್ಲ. ಒಂದ ಹಿಡಿ ಮಣ್ಣು ಹಾಕಿ ಹೋದ್ಲು."

ನಾನು ತಲೆ ತಗ್ಗಿಸಿದೆ. ಮಗಳನ್ನು ಕಳೆದುಕೊಂಡವಳು ಬಳಗಾನೂರಿನಿಂದ ಬಂದಿದ್ದಳು. ನನಗೆ ಲಿಂಗಸುಗೂರಿನಿಂದ ಬರಲು ಆಗಿರಲಿಲ್ಲ. ಸುಮ್ಮನಿರಲು ಆಗದೆ, ನಾನು ಬರೆದ ಆ ವಿವರಣೆಯ ಸುದ್ದಿಯನ್ನು ಹುಲಿಗೆಮ್ಮನಿಗೆ ಹೇಳಿಬಿಟ್ಟೆ. ತಪ್ಪನ್ನೆಲ್ಲ ಅವರ ಮೇಲೆ ಹಾಕಿ ಬರೆದೆ, ಅವರಿಗೆ ಗೊತ್ತಿರಲಿಕ್ಕಿಲ್ಲ ಎಂದೆ.

ಅವಳು ಮರಿಯೊಂದನ್ನು ಬದಿಗೆ ಸರಿಸಿದಳು.

"ಗೊತ್ತಿತ್ತ್ರೀ. ನಿಮ್ಮ ಜವಾನ ಆ ಪತ್ರ ಒಯ್ದ ದಿನನ ಹೇಳಿದ್ನಂತ. ನಾ ಬೈದೆ ನಿಮಗ. ಅಣ್ಣ ಬೈಗೊಡಲಿಲ್ಲ. ಅಕ್ಕೋರು ಅಂಜ್ಯಾರ, ಅಂಜಿದವ್ರು ಹಂಗ ಬರೀತಾರ, ಅಂಜಿಕ್ಯಾಗ ನಾನೂ ಪೊಲೀಸರ ಮುಂದ ಹಂಗ ಬರಸಿದ್ದೆ ಅಂದ."

ಎಂದರೆ ಪುಸ್ತಕ ಕೊಡಲು ಬಂದು ಅರ್ಧ ಗಂಟೆ ಕೂತ ದಿನ ಅವರಿಗೆ ಎಲ್ಲ ಗೊತ್ತಿತ್ತು. ಯಾಕೆ ಹಾಗೆ ಬರೆದಿರಿ ಎಂದು ಕೇಳಲು ಬಂದಿರಲಿಲ್ಲ. ಏನೋ ಹೇಳಲು ಬಂದಿದ್ದರು. ಅದೇನೆಂದು ನಾನು ಆ ಕೋಣೆಯಲ್ಲಿ ಬಾಯಿ ಮುಚ್ಚಿಕೊಂಡು ನಿಂತು ಕಳೆದುಕೊಂಡೆ.

ಅಣ್ಣ ನಿಮ್ಮನ್ನು ಕ್ಷಮಿಸಿದ್ದ ಎಂದು ಹುಲಿಗೆಮ್ಮ ಹೇಳಿದಳು. ಅವಳು ಒಳ್ಳೆಯವಳು, ಹಾಗೆ ತಿಳಿದುಕೊಂಡಿದ್ದಾಳೆ. ನನಗೆ ಆ ಮಾತು ಕ್ಷಮೆಯ ಹಾಗೆ ಕೇಳಿಸಲಿಲ್ಲ. ತನ್ನಂಥ ಇನ್ನೊಬ್ಬರನ್ನು ಗುರುತಿಸಿದವರ ಮಾತಿನ ಹಾಗೆ ಕೇಳಿಸಿತು.

ಹೋದ ವಾರ ಮೇಲಿನ ಕಚೇರಿಗೆ ಹೋಗಿದ್ದೆ. ನನ್ನ ಹಳೆಯ ವಿವರಣೆಯನ್ನು ತಿದ್ದಬೇಕು ಎಂದೆ. ಅಲ್ಲಿನ ಗುಮಾಸ್ತರು ಕಡತ ಮುಕ್ತಾಯವಾಗಿದೆ, ಈಗ ಯಾಕೆ ಮೈಮೇಲೆ ಎಳೆದುಕೊಳ್ಳುತ್ತೀರಿ ಎಂದು ನಗುತ್ತ ಚಹಾ ತರಿಸಿದರು. ಅಲ್ಲಿ ಬರೆಯಲು ಆಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಪತ್ರದಲ್ಲಿದ್ದದ್ದು ಸುಳ್ಳು. ಅವರು ಅವಕಾಶ ಕೋರಿರಲಿಲ್ಲ, ನಾನು ಎಳೆತಂದೆ. ಅವರು ನನ್ನಿಂದ ಏನನ್ನೂ ಮರೆಮಾಚಿರಲಿಲ್ಲ. ಮೇಜಿನ ಮುಂದೆ ನಿಂತು ತಿಂಗಳುಗಟ್ಟಲೆ ಅದನ್ನೇ ಹೇಳುತ್ತಿದ್ದರು. ನಾನು ತಲೆ ಎತ್ತಿರಲಿಲ್ಲ.